ಗೋಡೆಯ ಮೇಲಿನ ಪೂರ್ವ

"ಗುರುಗಳೇ, ನಲವತ್ತೊಂದು ಮಕ್ಕಳು ಸರಿಯಾಗಿ ಕಲಿತ ತರಗತಿಯಲ್ಲಿ ಒಬ್ಬಳು ಮಾತ್ರ ತಪ್ಪು ಕಲಿತರೆ ಅವಳನ್ನು ತಿದ್ದುವುದು ಹೇಗೆ?"

ಕೇಳಿದವನು ಓಬಳೇಶ. ಹಳ್ಳಿಯ ಶಾಲೆಯೊಂದರಲ್ಲಿ ಎರಡು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದ. ಕೇಳಿಸಿಕೊಂಡವರು ಆರಾಧ್ಯರು. ಪಾಠ ಮಾಡುವುದು ಹೇಗೆಂದು ಆ ತಾಲ್ಲೂಕಿನ ಅರ್ಧ ಮೇಷ್ಟ್ರುಗಳಿಗೆ ಹೇಳಿಕೊಟ್ಟವರು ಅವರೇ. ನಿವೃತ್ತರಾಗಿ ಹದಿನೈದು ವರ್ಷ ಕಳೆದಿದ್ದರೂ ಭಾನುವಾರ ಬೆಳಿಗ್ಗೆ ಅವರ ಜಗಲಿಯ ಮೇಲೆ ಒಬ್ಬಿಬ್ಬರು ಮೇಷ್ಟ್ರುಗಳು ಕೂತಿರುವುದು ತಪ್ಪಿರಲಿಲ್ಲ. ಆ ಭಾನುವಾರ ಓಬಳೇಶನೊಬ್ಬನೇ ಇದ್ದ.

"ಏನು ತಪ್ಪು ಕಲಿತಳು?" ಎಂದರು ಆರಾಧ್ಯರು.

ಓಬಳೇಶ ಹೇಳಿದ. ಏಳನೆಯ ತರಗತಿಗೆ ನಕ್ಷೆ ಓದುವ ಪಾಠ. ಹದಿನೈದು ದಿನ ಹಿಡಿದು ಕಲಿಸಿದ್ದಾನೆ. ದಿಕ್ಕು, ಅಳತೆ, ಗುರುತು, ಒಂದೂ ಬಿಟ್ಟಿಲ್ಲ. ಬಾವಿಗೆ ಯಾವ ಗುರುತು, ಗುಡಿಗೆ ಯಾವುದು, ರೈಲು ಹಳಿಗೆ ಯಾವುದು ಎಂದು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಮಕ್ಕಳು ಹೇಳುತ್ತಾರೆ. ಪುಸ್ತಕವನ್ನು ನೇರವಾಗಿ ಇಟ್ಟುಕೊಂಡು, ಎದ್ದು ನಿಂತು, ಕೈಕಟ್ಟಿ ಉತ್ತರ ಕೊಡುತ್ತಾರೆ. ಮಾರಕ್ಕ ಎಂಬ ಹುಡುಗಿ ಮಾತ್ರ, ದಿಕ್ಕಿನ ಪ್ರಶ್ನೆ ಕೇಳಿದ ಕೂಡಲೇ ಪುಸ್ತಕವನ್ನು ತಿರುಗಿಸುತ್ತಾಳೆ. ಅಕ್ಷರಗಳೆಲ್ಲ ಓರೆಯಾದರೂ ತಲೆಕೆಳಗಾದರೂ ಅವಳಿಗೆ ಚಿಂತೆಯಿಲ್ಲ. ತಿರುಗಿಸಿ, ನೋಡಿ, ಆಮೇಲೆ ಬಾಯಿ ಬಿಡುತ್ತಾಳೆ. ಅಷ್ಟರಲ್ಲಿ ಉಳಿದವರು ಮೂರು ಉತ್ತರ ಹೇಳಿ ಮುಗಿಸಿರುತ್ತಾರೆ.

"ಯಾಕೆ ತಿರುಗಿಸುತ್ತೀಯ ಎಂದು ಕೇಳಿದೆಯೋ?"

"ಕೇಳಿದೆ. 'ಹಿಂಗಿಟ್ರೆ ಸರಿ ಕಾಣ್ತದೆ ಸಾ' ಅಂದಳು. ಸರಿ ಕಾಣುವುದು ಎಂದರೇನು ಗುರುಗಳೇ? ಪುಸ್ತಕ ತಲೆಕೆಳಗಾದರೆ ಸರಿ ಕಾಣುತ್ತದೆಯೇ?"

ಮೊದಲು ಬುದ್ಧಿ ಹೇಳಿದ್ದ. ಆಮೇಲೆ ಗದರಿದ್ದ. ಬೆಂಚಿನ ಮೇಲೆ ನಿಲ್ಲಿಸಿದ್ದ. ಕಡೆಗೆ ಒಂದು ದಿನ ಅವಳ ಪುಸ್ತಕವನ್ನು ತನ್ನ ಎರಡೂ ಕೈಗಳಿಂದ ಮೇಜಿಗೆ ಒತ್ತಿ ಹಿಡಿದು, ಈಗ ಹೇಳು ನೋಡೋಣ ಎಂದಿದ್ದ. ಅವಳು ಹೇಳಲಿಲ್ಲ. ಆ ದಿನದಿಂದ ಏನು ಕೇಳಿದರೂ ಉತ್ತರವೇ ಇಲ್ಲ. ಬುಧವಾರ ಶಾಲೆಗೆ ಪರಿವೀಕ್ಷಕರು ಬರುವವರಿದ್ದರು. ಆ ದಿನ ಮಾರಕ್ಕನಿಗೆ ಮನೆಯಲ್ಲೇ ಇರಲು ಹೇಳುವುದು ಒಳ್ಳೆಯದು ಎಂದು ಓಬಳೇಶನಿಗೆ ಅನ್ನಿಸಿತ್ತು. ಹಾಗೆ ಮಾಡಬಹುದೇ ಎಂದೂ ಕೇಳಿದ.

ಆರಾಧ್ಯರು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಅವನ ಕಡೆಗೆ ಸರಿಸಿದರು. "ಕೈ ಸುಮ್ಮನಿರಿಸಬೇಡ. ಸುಲಿಯುತ್ತ ಕೇಳು" ಎಂದು ಕತೆ ಶುರು ಮಾಡಿದರು.

ಒಂದು ಊರಿತ್ತು. ಊರಿನ ಎರಡು ಮಗ್ಗುಲಲ್ಲಿ ಎರಡು ಗುಡ್ಡ. ಒಂದು ಗವಿಗುಡ್ಡ, ಇನ್ನೊಂದು ಹದ್ದಿನಗುಡ್ಡ. ಹೊತ್ತು ಗವಿಗುಡ್ಡದ ಹಿಂದಿನಿಂದ ಹುಟ್ಟಿ ಹದ್ದಿನಗುಡ್ಡದ ಹಿಂದೆ ಮುಳುಗುತ್ತಿತ್ತು. ಇದು ಊರಿನ ಕೋಳಿಗೂ ಗೊತ್ತಿದ್ದ ಸಂಗತಿ.

ಆ ಊರಿಗೆ ಶಾಲೆ ಬಂತು. ಒಂದೇ ಕೋಣೆ. ಮೇಷ್ಟ್ರೂ ಒಬ್ಬರೇ. ಅವರ ಹಿಂದೆಯೇ ಸರ್ಕಾರದ ಕಡೆಯಿಂದ ಒಂದು ನಕ್ಷೆ ಬಂತು. ಬಟ್ಟೆಗೆ ಅಂಟಿಸಿ, ಮೇಲೂ ಕೆಳಗೂ ಕೋಲು ಕಟ್ಟಿದ ದೊಡ್ಡ ನಕ್ಷೆ. ಅಷ್ಟು ಚೆಂದದ ವಸ್ತು ಆ ಊರಲ್ಲಿ ಇನ್ನೊಂದಿರಲಿಲ್ಲ. ಎಲ್ಲಿ ತೂಗುಹಾಕುವುದು ಎಂದು ಮೇಷ್ಟ್ರು ಕೋಣೆಯ ಸುತ್ತ ನೋಡಿದರು. ಉತ್ತರದ ಗೋಡೆಯಲ್ಲಿ ಬಾಗಿಲು. ಪೂರ್ವದ ಗೋಡೆಯಲ್ಲಿ, ಅಂದರೆ ಗವಿಗುಡ್ಡದ ಕಡೆಗೆ, ಕಿಟಕಿ. ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಒಸರುತ್ತಿತ್ತು. ಉಳಿದದ್ದು ದಕ್ಷಿಣದ ಗೋಡೆ. ಅದರಲ್ಲಿ ಆಗಲೇ ಒಂದು ಮೊಳೆಯೂ ಇತ್ತು. ಮೇಷ್ಟ್ರು ನಕ್ಷೆಯನ್ನು ಆ ಮೊಳೆಗೆ ಸಿಕ್ಕಿಸಿದರು.

ಅಲ್ಲಿಂದ ಮುಂದೆ ಆ ಊರಿಗೆ ದಿಕ್ಕು ಕಲಿಸಿದ್ದು ಮೇಷ್ಟ್ರಲ್ಲ, ಆ ಮೊಳೆ.

ಮಕ್ಕಳು ದಕ್ಷಿಣಕ್ಕೆ ಮುಖ ಮಾಡಿ ನಕ್ಷೆಯ ಎದುರು ಕೂರುತ್ತಿದ್ದರು. ಮೇಷ್ಟ್ರು ಬೆತ್ತ ಹಿಡಿದು ನಕ್ಷೆಯ ಪಕ್ಕ ನಿಲ್ಲುತ್ತಿದ್ದರು. ಮೇಲೆ ಉತ್ತರ, ಕೆಳಗೆ ದಕ್ಷಿಣ, ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ. ನಕ್ಷೆಯ ಮಟ್ಟಿಗೆ ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಮಕ್ಕಳು ಕೂಗಿ ಹೇಳುತ್ತಿದ್ದರು. ಕೂಗುವಾಗ ಕೈಯನ್ನೂ ಚಾಚಬೇಕು, ಆಗ ಪಾಠ ಮೈಗೆ ಹತ್ತುತ್ತದೆ ಎಂಬುದು ಮೇಷ್ಟ್ರ ಪದ್ಧತಿ. ಪೂರ್ವ ಎಂದಾಗ ಬಲಗೈ. ದಕ್ಷಿಣಕ್ಕೆ ಮುಖ ಮಾಡಿದವನ ಬಲಗೈ ಎಲ್ಲಿಗೆ ಹೋಗುತ್ತದೆ? ನೇರವಾಗಿ ಹದ್ದಿನಗುಡ್ಡಕ್ಕೆ. ಉತ್ತರ ಎಂದಾಗ ಎಲ್ಲರೂ ಸೂರಿನ ಕಡೆಗೆ ಬೆರಳು ತೋರಿಸುತ್ತಿದ್ದರು. ಆ ಊರಿನ ಉತ್ತರ ಹೆಂಚಿನಲ್ಲಿತ್ತು.

ಮೊದಲ ವರ್ಷ ಮೇಷ್ಟ್ರಿಗೆ ಇದು ಗೊತ್ತಿತ್ತು. ಮಳೆಗಾಲ ಕಳೆಯಲಿ, ಉತ್ತರದ ಗೋಡೆಯಲ್ಲಿ ಬಾಗಿಲ ಪಕ್ಕ ಜಾಗ ಮಾಡಿಕೊಂಡರಾಯಿತು ಎಂದುಕೊಂಡರು. ಮಳೆಗಾಲ ಕಳೆಯಿತು. ಪರೀಕ್ಷೆ ಮುಗಿಯಲಿ ಎಂದುಕೊಂಡರು. ಪರೀಕ್ಷೆಯಲ್ಲಿ ಮಕ್ಕಳೆಲ್ಲ ಭೂಗೋಳದಲ್ಲಿ ಪಾಸಾದರು. ಪಾಸಾದ ಮೇಲೆ ಗೋಡೆ ಬದಲಾಯಿಸುವ ಅವಸರವೇನು? ನಾಲ್ಕಾರು ವರ್ಷ ಹೀಗೆ ಕಳೆದ ಮೇಲೆ ಮೇಷ್ಟ್ರೂ ಮರೆತರು. ಪೂರ್ವ ಎಂದರೆ ಅವರ ಕೈಯೂ ತಾನಾಗಿ ಹದ್ದಿನಗುಡ್ಡದ ಕಡೆ ಏಳುತ್ತಿತ್ತು. ಮೂವತ್ತು ಜನ ಎದುರು ಕೂತು ದಿನವೂ ಒಂದು ಕಡೆಗೆ ಕೈಮಾಡಿದರೆ ಕೈಯೂ ಪಾಪ ಏನು ಮಾಡೀತು?

ಒಬ್ಬಳು ಕೇಳಿದ್ದಳು. ಕುಂಬಾರರ ಮನೆಯ ಹುಡುಗಿ. ಒಂದು ದಿನ ಬೆಳಗಿನ ಪಾಠದಲ್ಲಿ, ಕಿಟಕಿಯಿಂದ ಎಳೆಬಿಸಿಲು ಅವಳ ಎಡಗೆನ್ನೆಗೆ ಬೀಳುತ್ತಿತ್ತು. ಎದ್ದು ನಿಂತಳು.

"ಮೇಷ್ಟ್ರೇ, ಹೊತ್ತು ಹುಟ್ಟೋದು ಪೂರ್ವದಾಗೆ ಅಂತೀರಿ. ಹೊತ್ತು ಈ ಕಡೆ ಐತೆ. ಪೂರ್ವ ಆ ಕಡೆ ಹೆಂಗಾಯ್ತು?"

ಮಕ್ಕಳು ನಕ್ಕರು. ಮೇಷ್ಟ್ರ ಕೈಯಲ್ಲಿ ಬೆತ್ತವಿತ್ತು, ಎದುರಿಗೆ ಮುಗಿಸಬೇಕಾದ ಪಾಠವಿತ್ತು. ಅವರು ಒಂದು ಗಳಿಗೆ ಯೋಚಿಸಿ ಹೇಳಿದರು: "ಅದು ಹೊತ್ತಿನ ಪೂರ್ವ. ಇದು ನಕ್ಷೆಯ ಪೂರ್ವ. ಪರೀಕ್ಷೆಯಲ್ಲಿ ಕೇಳುವುದು ನಕ್ಷೆಯದು. ಕೂತುಕೋ."

ಹುಡುಗಿ ಕೂತಳು. ಲೋಕದಲ್ಲಿ ಪೂರ್ವ ಎರಡಿವೆ ಎಂದು ಆ ದಿನ ಕಲಿತಳು.

ಉತ್ತರ ಮೇಷ್ಟ್ರಿಗೇ ಹಿಡಿಸಿತು. ಮುಂದೆ ಯಾವ ಮಗು ಕೇಳಿದರೂ ಅದನ್ನೇ ಹೇಳಿದರು. ಕೆಲವು ವರ್ಷ ಕಳೆದ ಮೇಲೆ ಕೇಳುವವರೂ ಇಲ್ಲವಾದರು, ಏಕೆಂದರೆ ಅಕ್ಕ ತಂಗಿಗೆ, ಅಪ್ಪ ಮಗನಿಗೆ ಮನೆಯಲ್ಲೇ ಹೇಳಿಕೊಡುತ್ತಿದ್ದರು. ಹೊಲಕ್ಕೆ ಹೋಗುವಾಗ ಹೊತ್ತಿನ ಪೂರ್ವ, ಕಾಗದ ಓದುವಾಗ ನಕ್ಷೆಯ ಪೂರ್ವ. ಎರಡಕ್ಕೂ ಎಂದೂ ಜಗಳ ಬರಲಿಲ್ಲ. ಪರಿವೀಕ್ಷಕರು ಬಂದರು, ಶಹಬ್ಬಾಸ್ ಎಂದು ಬರೆದು ಹೋದರು. ಹೀಗೆ ಮೂವತ್ತು ವರ್ಷ.

ಮೂವತ್ತನೆಯ ವರ್ಷ ಆ ಸೀಮೆಯಲ್ಲಿ ಹೊಸ ರಸ್ತೆ ಮಾಡುವ ಕೆಲಸ ಬಂತು. ಎರಡು ಗುಡ್ಡಗಳಲ್ಲಿ ಒಂದನ್ನು ಸೀಳಿ ರಸ್ತೆ ಹಾಯಬೇಕು. ಅಳೆಯುವವರು ಬಂದು ಎರಡು ಗುಡ್ಡದ ಬಂಡೆಗಳ ಮೇಲೂ ಸುಣ್ಣದ ಗುರುತು ಹಾಕಿ ಹೋದರು. ಯಾವ ಗುಡ್ಡ ಎಂದು ಊರಿಗೆ ಹೇಳಲಿಲ್ಲ. ಕೂಲಿಯವರ ಡೇರೆ ಗುಡ್ಡದಾಚೆ ಎಲ್ಲೋ ಇತ್ತು. ಬಂಡೆ ಕೊರೆಯುವ ಸದ್ದು ಒಂದು ಗುಡ್ಡಕ್ಕೆ ಬಡಿದು ಇನ್ನೊಂದಕ್ಕೆ ತಾಗಿ ಬರುತ್ತಿತ್ತು, ಹಾಗಾಗಿ ಎಲ್ಲಿಂದ ಎಂದು ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಕಚೇರಿಯಿಂದ ಕಾಗದ ಬಂತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಊರಿನ ಪೂರ್ವದ ಗುಡ್ಡಕ್ಕೆ ಸಿಡಿಮದ್ದು ಇಡಲಾಗುವುದು. ಕಲ್ಲು ಊರಿನವರೆಗೂ ಸಿಡಿಯುವ ಸಂಭವವಿದೆ. ಎಲ್ಲರೂ ದನಕರುಗಳೊಂದಿಗೆ ಒಂಬತ್ತೂವರೆಯ ಒಳಗೆ ಪಶ್ಚಿಮದ ಗುಡ್ಡದ ಬುಡಕ್ಕೆ ಹೋಗಿರಬೇಕು.

ಪಟೇಲ ಚಾವಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದ. ಅವನೂ ಮೇಷ್ಟ್ರ ಶಿಷ್ಯನೇ, ಮೊದಲ ವರ್ಷದ ಹುಡುಗ. ಸುತ್ತ ನಿಂತವರೆಲ್ಲ ಅದೇ ಶಾಲೆಯವರು. ಪೂರ್ವ ಯಾವುದು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಚಾವಡಿ ತುಂಬ ಬಲಗೈಗಳು ಹದ್ದಿನಗುಡ್ಡದ ಕಡೆ ಎದ್ದವು. ಮೇಷ್ಟ್ರೂ ಅಲ್ಲೇ ಇದ್ದರು. ಅವರ ಕೈಯೂ ಎದ್ದಿತು. ಓದು ಬಾರದ ಒಬ್ಬ ಮುದುಕ ಮಾತ್ರ, ಮೊನ್ನೆ ಸದ್ದು ಗವಿಗುಡ್ಡದ ಕಡೆಯಿಂದ ಬಂದಂತಿತ್ತು ಎಂದ. ಕಾಗದದಲ್ಲಿ ಬರೆದದ್ದು ನಿನಗೇನು ಗೊತ್ತು ಅಜ್ಜ ಎಂದು ಅವನನ್ನು ಸುಮ್ಮನಾಗಿಸಿದರು. ಅಲ್ಲಿಗೆ ಊರು ಗವಿಗುಡ್ಡಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಅಂದರೆ, ಮದ್ದು ಇಟ್ಟ ಗುಡ್ಡಕ್ಕೆ.

ಇಷ್ಟು ಹೇಳಿ ಆರಾಧ್ಯರು ತಲೆಯೆತ್ತಿ ನೋಡಿದರು. ಓಬಳೇಶನ ಕೈ ನಿಂತಿತ್ತು. "ಸುಲಿ, ಸುಲಿ" ಎಂದು ಮುಂದುವರಿಸಿದರು.

ಮರುದಿನ ಎಂಟು ಗಂಟೆಗೆ ಊರು ಹೊರಟಿತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಮುಂದೆ ದನ, ಹಿಂದೆ ನಾಯಿ. ಬಾಣಂತಿಯೊಬ್ಬಳನ್ನು ಗಾಡಿಯಲ್ಲಿ ಕೂರಿಸಿದ್ದರು. ಮೇಷ್ಟ್ರು ಶಾಲೆಯ ಹಾಜರಿ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ನಡುವೆ ನಡೆಯುತ್ತಿದ್ದರು. ಗವಿಗುಡ್ಡದ ಮೇಲೇರಿದ ಹೊತ್ತು ಎಲ್ಲರ ಮುಖಕ್ಕೆ ಹೊಡೆಯುತ್ತಿತ್ತು. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆದರು. ಬಿಸಿಲು ಕಣ್ಣಿಗೆ ಚುಚ್ಚಿದರೂ ಅದು ಏನು ಹೇಳುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅದು ಹೊತ್ತಿನ ಪೂರ್ವ. ಕಾಗದಕ್ಕೂ ಅದಕ್ಕೂ ಸಂಬಂಧವಿಲ್ಲ.

ಗುಡ್ಡದ ಬುಡದಲ್ಲಿ ಒಂದು ಹುಣಸೆಮರ. ಮುಂದೆ ಹೋದವರು ಆಗಲೇ ಅದರ ನೆರಳಲ್ಲಿ ಗಂಟು ಇಳಿಸುತ್ತಿದ್ದರು. ಕೆಂಪು ಬಾವುಟ ಹಿಡಿದು ಜನರನ್ನು ತಡೆಯುವವರು ಇರಲಿಲ್ಲವೇ ಎಂದು ನೀನು ಕೇಳಬಹುದು. ಇದ್ದರು. ಗುಡ್ಡದ ಆಚೆ ಬದಿಯಲ್ಲಿದ್ದರು. ಈಚೆ ಬದಿಯವರಿಗೆ ಕಾಗದ ಕಳಿಸಿದ್ದಾಗಿತ್ತಲ್ಲ, ಓದು ಬರುವ ಊರು ಬೇರೆ.

ಮೇಷ್ಟ್ರ ಪಕ್ಕದಲ್ಲಿ ಒಬ್ಬ ಹೆಂಗಸು ಕತ್ತೆಯ ಹಗ್ಗ ಹಿಡಿದು ನಡೆಯುತ್ತಿದ್ದಳು. ಅದೇ ಕುಂಬಾರರ ಹುಡುಗಿ. ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. ಈಗ ಮೂರು ಮಕ್ಕಳ ತಾಯಿ. ಗಂಡ ತೀರಿಕೊಂಡ ಮೇಲೆ ಆ ಕತ್ತೆಯ ಮೇಲೆ ಕೆರೆಯ ಮಣ್ಣು ಹೇರಿಕೊಂಡು ಬಂದು, ಮಡಕೆ ಮಾಡಿ, ಸಂಸಾರ ಸಾಗಿಸುತ್ತಿದ್ದಳು. ಅವಳು ನಡೆಯುತ್ತಲೇ ಕೇಳಿದಳು. ವಾದ ಹೂಡುವ ದನಿಯಲ್ಲ. ಗುರುವನ್ನು ಶಿಷ್ಯೆ ಕೇಳುವಂತೆಯೇ ಕೇಳಿದಳು.

"ಮೇಷ್ಟ್ರೇ, ನಂಗೊಂದು ತಿಳೀತಿಲ್ಲ. ಕಾಗ್ದದಾಗೆ ಬರೆದಿರೋದು ಹೊತ್ತಿನ ಪೂರ್ವನೋ, ನಕ್ಷೆ ಪೂರ್ವನೋ?"

ಮೇಷ್ಟ್ರು ನಿಂತರು. ಎಷ್ಟೋ ವರ್ಷಗಳ ಮೇಲೆ ಅವರಿಗೆ ಎದುರಿನ ಹೊತ್ತು ಕಂಡಿತು. ಕಚೇರಿಯವರು ಇವರ ಶಾಲೆಯಲ್ಲಿ ಓದಿದವರಲ್ಲ. ಅವರಿಗೆ ಇರುವುದು ಒಂದೇ ಪೂರ್ವ.

ಅವರು ಕೂಗಿದರು. "ತಿರುಗಿ! ಎಲ್ಲರೂ ಹಿಂದಕ್ಕೆ ತಿರುಗಿ!"

ಜನ ನಿಂತರು. ಪಟೇಲ ಓಡಿಬಂದ. ನಿನ್ನೆ ತಾವೇ ಕೈ ತೋರಿಸಿದಿರಲ್ಲ ಎಂದ. ಆಗ ಮೇಷ್ಟ್ರು ನಿಜ ಹೇಳಬಹುದಿತ್ತು. ನಿಜಕ್ಕೆ ಬೇಕಾದದ್ದು ನಾಲ್ಕೇ ಮಾತು. ಆದರೆ ಸುತ್ತ ನಿಂತವರೆಲ್ಲ ಅವರ ಶಿಷ್ಯರು. ಬಾಯಿಗೆ ಬಂದದ್ದು ಬೇರೆ.

"ಕಚೇರಿಯವರಿಗೆ ನಕ್ಷೆ ಓದಲು ಬರುವುದಿಲ್ಲ. ಅವರು ಹೊತ್ತಿನ ಪೂರ್ವ ಬರೆದಿದ್ದಾರೆ" ಎಂದರು.

ಇದು ಎಲ್ಲರಿಗೂ ಕೂಡಲೇ ಅರ್ಥವಾಯಿತು. ಕಚೇರಿಯವರು ದಡ್ಡರು ಎಂದರೆ ನಂಬದ ಊರು ಯಾವುದಿದೆ? ಊರು ತಿರುಗಿತು. ಗಾಡಿ ತಿರುಗಿತು. ನಡೆಯುತ್ತಿದ್ದವರು ಓಡಿದರು. ಕುಂಬಾರಗಿತ್ತಿಯ ಕತ್ತೆ ಮಾತ್ರ ತಿರುಗಲಿಲ್ಲ. ಅವಳು ಎಳೆದಳು, ತಳ್ಳಿದಳು, ಬೇಡಿಕೊಂಡಳು. ಅದು ಹುಣಸೆಮರದ ನೆರಳಿನತ್ತ ಮುಖಮಾಡಿ ಕಾಲೂರಿ ನಿಂತಿತು. ಕಡೆಗೆ ಮೇಷ್ಟ್ರು ಅವಳ ಕೈಯಿಂದ ಹಗ್ಗ ಬಿಡಿಸಿ ಅವಳನ್ನು ಎಳೆದುಕೊಂಡು ಹೋದರು.

ಅವರು ಊರು ದಾಟಿ ಹದ್ದಿನಗುಡ್ಡದ ದಾರಿ ಹಿಡಿಯುವಷ್ಟರಲ್ಲಿ ಮದ್ದು ಹಾರಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಊರಿನ ಕೆಲವು ಮನೆಗಳ ಹೆಂಚು ಒಡೆದವು. ಹುಣಸೆಮರ ಇದ್ದ ಜಾಗದಲ್ಲಿ ಕಲ್ಲುಗುಡ್ಡೆ ಬಿದ್ದಿತ್ತು. ಕತ್ತೆ ಅದರ ಅಡಿಯಲ್ಲಿತ್ತು.

ಊರವರಿಗೆ ಮೇಷ್ಟ್ರು ದೇವರಾದರು. ಕಚೇರಿಯವರ ತಪ್ಪನ್ನು ನಡುದಾರಿಯಲ್ಲಿ ಕಂಡುಹಿಡಿದು ಇಡೀ ಊರನ್ನು ಉಳಿಸಿದವರು ಎಂದು ಸುತ್ತಲ ಹಳ್ಳಿಗಳಲ್ಲೆಲ್ಲ ಸುದ್ದಿಯಾಯಿತು. ಮುಂದಿನ ಸೋಮವಾರ ಶಾಲೆಯ ಅಂಗಳದಲ್ಲಿ ಸನ್ಮಾನ ಇಟ್ಟುಕೊಂಡರು. ಮೇಷ್ಟ್ರು ಬೇಡವೆಂದರು. ಬೇಡವೆಂದಷ್ಟೂ ಜನರ ಪ್ರೀತಿ ಹೆಚ್ಚಾಯಿತು. ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಪಟೇಲ ಮಾತಾಡಿದ. ನಮ್ಮ ಮೇಷ್ಟ್ರು ನಕ್ಷೆ ಕಲಿಸದಿದ್ದರೆ ನಾವು ಇಂದು ಇಲ್ಲಿ ಕೂತಿರುತ್ತಿರಲಿಲ್ಲ ಎಂದ. ಮೇಷ್ಟ್ರಿಗೆ ಶಾಲು ಮುಳ್ಳಿನಂತೆ ಚುಚ್ಚಿತು.

ಅಷ್ಟರಲ್ಲಿ ಅಂಗಳದ ಆಚೆ ದಾರಿಯಲ್ಲಿ ಕುಂಬಾರಗಿತ್ತಿ ಹೋಗುತ್ತಿದ್ದಳು. ಕೆರೆಯಿಂದ ಮಣ್ಣು ತರುತ್ತಿದ್ದಳು. ಕತ್ತೆ ಹೊರುತ್ತಿದ್ದ ಮಣ್ಣು ಈಗ ಅವಳ ತಲೆಯ ಮೇಲಿತ್ತು. ಒಂದು ಕತ್ತೆಯ ಹೊರೆ ಎಂದರೆ ತಲೆಹೊರೆಯಲ್ಲಿ ನಾಲ್ಕು ಸಲದ ನಡಿಗೆ. ಕುತ್ತಿಗೆ ಅಲುಗಿಸದೆ, ಬದಿಗೆ ನೋಡದೆ ಹೋಗುತ್ತಿದ್ದಳು.

ಮೇಷ್ಟ್ರಿಗೆ ಕೂರಲಾಗಲಿಲ್ಲ. ಎದ್ದು ನಿಂತು, ಪಟೇಲನ ಮಾತನ್ನು ನಡುವೆಯೇ ತಡೆದು ಹೇಳಿದರು.

"ಇರುವುದು ಒಂದೇ ಪೂರ್ವ. ಹೊತ್ತು ಹುಟ್ಟುವ ಕಡೆಗಿರುವುದೇ ಅದು. ನಾನು ನಕ್ಷೆಯನ್ನು ತಪ್ಪು ಗೋಡೆಗೆ ಹಾಕಿ ಮೂವತ್ತು ವರ್ಷ ನಿಮಗೆಲ್ಲ ತಪ್ಪು ಹೇಳಿಕೊಟ್ಟೆ. ಕಚೇರಿಯವರು ಸರಿಯಾಗಿಯೇ ಬರೆದಿದ್ದರು. ನಿಮ್ಮನ್ನು ಆ ಗುಡ್ಡಕ್ಕೆ ಕರೆದೊಯ್ದವನು ನಾನು."

ಅಂಗಳದ ತುಂಬ ಚಪ್ಪಾಳೆ ಬಿತ್ತು. ದೊಡ್ಡವರು ಮಾತಾಡುವುದೇ ಹಾಗೆ, ಎಷ್ಟು ಓದಿದ್ದರೂ ಎಷ್ಟು ವಿನಯ ನೋಡಿ ಎಂದು ಪಟೇಲ ಕಣ್ಣೊರೆಸಿಕೊಂಡ. ಮೂವತ್ತು ವರ್ಷ ಪಾಸಾದವರಿಗೆ ತಾವು ಕಲಿತದ್ದು ತಪ್ಪು ಎಂದು ನಂಬಿಸುವುದು ಸುಲಭವಲ್ಲ. ಬಾಯಿಪಾಠ ಮಾಡಿಸಿದವನೇ ಬಂದು ಹೇಳಿದರೂ ನಂಬುವುದಿಲ್ಲ.

ನಂಬಿದವಳು ಒಬ್ಬಳೇ. ಅವಳು ದಾರಿಯಲ್ಲಿ ನಿಂತಿದ್ದಳು. ಬುಟ್ಟಿ ಇಳಿಸಿರಲಿಲ್ಲ. ಬೇಲಿಯ ಆಚೆಯಿಂದಲೇ ಕೇಳಿದಳು.

"ಹಂಗಾರೆ ಅವತ್ತು ನಾನು ಕೇಳಿದ್ದು ಸರಿ ಇತ್ತಾ ಮೇಷ್ಟ್ರೇ?"

"ಸರಿ ಇತ್ತು ಕಣವ್ವ."

"ಮತ್ತೆ ನನ್ನ ಯಾಕೆ ಕೂರಿಸಿದ್ರಿ?"

ಮೇಷ್ಟ್ರು ಹೆಗಲಿನ ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. ಅವಳು ಮಣ್ಣು ಹೊತ್ತುಕೊಂಡು ಹೋದಳು.

ಮೇಷ್ಟ್ರು ಆ ವಾರವೇ ಒಂದು ಕತ್ತೆ ತಂದು ಅವಳ ಬಾಗಿಲಲ್ಲಿ 'ಇದು ನಿನ್ನದು' ಎಂದು ಕಟ್ಟಿ ಬಂದರು. ಅದು ಸುಲಭದ ಕೆಲಸ. ಕಷ್ಟದ್ದು ಆಮೇಲೆ ಬಂತು. ನಕ್ಷೆಯನ್ನು ಗೋಡೆಯಿಂದ ಇಳಿಸಿದರು. ದಿನವೂ ಬೆಳಿಗ್ಗೆ ಅಂಗಳಕ್ಕೆ ತಂದು, ಉತ್ತರದ ತುದಿಯನ್ನು ಉತ್ತರಕ್ಕೆ ಮಾಡಿ ನೆಲದ ಮೇಲೆ ಹಾಸಿದರು. ಮಕ್ಕಳು ಸುತ್ತ ಕೂತರು. ಕೆಲವರಿಗೆ ಅಕ್ಷರ ನೇರ ಕಂಡವು, ಕೆಲವರಿಗೆ ಅಡ್ಡ, ಕೆಲವರಿಗೆ ತಲೆಕೆಳಗು. ಉತ್ತರ ಹೇಳಲು ಮೊದಲಿನ ಎರಡರಷ್ಟು ಹೊತ್ತು ಬೇಕಾಯಿತು. ಪ್ರತಿಯೊಬ್ಬನೂ ಮೊದಲು ತಾನು ಎಲ್ಲಿ ಕೂತಿದ್ದೇನೆ ಎಂದು ನೋಡಿಕೊಳ್ಳಬೇಕಿತ್ತಲ್ಲ. ಆ ವರ್ಷ ಬಂದ ಪರಿವೀಕ್ಷಕರು, ಸರ್ಕಾರದ ನಕ್ಷೆಯನ್ನು ನೆಲಕ್ಕೆ ಹಾಕಿ ಮಣ್ಣು ಮಾಡಿದ್ದಾರೆ, ಮಕ್ಕಳು ಚುರುಕಾಗಿ ಉತ್ತರಿಸುವುದಿಲ್ಲ ಎಂದು ಬರೆದರು. ಮೇಷ್ಟ್ರು ಅದರ ಕೆಳಗೆ ಸಹಿ ಹಾಕಿದರು.

ಸಂಜೆ ಹೊತ್ತು ಅವರು ಮನೆಮನೆಗೆ ಹೋಗುತ್ತಿದ್ದರು. ಹಳೆಯ ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಅಂಗಳಕ್ಕೆ ಕರೆದು, ಹೊತ್ತು ಮುಳುಗುವ ಕಡೆಗೆ ನಿಲ್ಲಿಸಿ, ಇದು ಪಶ್ಚಿಮ ಎಂದು ಹೇಳುತ್ತಿದ್ದರು. ಕೆಲವರು ತಿದ್ದಿಕೊಂಡರು. ಕೆಲವರು ಮೇಷ್ಟ್ರ ಮನಸ್ಸಿಗೆ ನೋವಾಗಬಾರದೆಂದು ಹೂಂ ಎಂದರು. ಪಟೇಲ ಸಾಯುವವರೆಗೂ ಎರಡು ಪೂರ್ವ ಇಟ್ಟುಕೊಂಡಿದ್ದ. ಕುಂಬಾರಗಿತ್ತಿಯ ಮನೆಗೆ ಹೋದಾಗ ಮಾತ್ರ ಮೇಷ್ಟ್ರು ಏನೂ ಕಲಿಸಲಿಲ್ಲ. ಅವಳು ಕೊಟ್ಟ ನೀರು ಕುಡಿದು, ಅವಳು ಮಡಕೆ ಮಾಡುವ ತಿಗರಿ ತಿರುಗಿಸುವುದನ್ನು ನೋಡುತ್ತ ಕೂತಿದ್ದು ಎದ್ದುಬಂದರು.

ಆರಾಧ್ಯರು ಕತೆ ನಿಲ್ಲಿಸಿದರು.

ಓಬಳೇಶ ತಲೆ ತಗ್ಗಿಸಿ ಕೂತಿದ್ದ. ಎರಡೂ ಕೈಗಳಿಂದ ಪುಸ್ತಕ ಒತ್ತಿ ಹಿಡಿದದ್ದು ಅವನ ಕಣ್ಣಮುಂದೆ ಬಂತು. ಆ ಹುಡುಗಿ ಆಗ ಪುಸ್ತಕ ನೋಡಿರಲಿಲ್ಲ, ಅವನ ಕೈಗಳನ್ನು ನೋಡಿದ್ದಳು. ನಾಚಿಕೆಯಾಯಿತು. ಆದರೂ ಕತೆಯ ಅರ್ಥ ತನಗೆ ಆಯಿತು ಎಂಬ ಸಮಾಧಾನವೂ ಒಳಗೇ ಇತ್ತು. ತಪ್ಪು ಒಪ್ಪಿಕೊಂಡರೆ ಮುಗಿಯಿತು, ಇನ್ನು ದಾರಿ ನೇರ ಎಂದು ಅವನಿಗೆ ಅನ್ನಿಸಿತು.

"ತಿಳಿಯಿತು ಗುರುಗಳೇ" ಎಂದ. "ಬುಧವಾರ ಮಾರಕ್ಕ ಶಾಲೆಗೆ ಬರಲಿ. ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ಅವಳು ಪುಸ್ತಕವನ್ನು ಹೇಗೆ ಬೇಕಾದರೂ ತಿರುಗಿಸಿಕೊಳ್ಳಲಿ, ನಾನು ತಡೆಯುವುದಿಲ್ಲ. ಅವಳು ತಿರುಗಿಸುವುದು ಸರಿಯೋ ತಪ್ಪೋ ಎಂದು ಪಕ್ಕದಲ್ಲಿ ನಿಂತು ನೋಡುತ್ತೇನೆ. ತಪ್ಪಿದ್ದರೆ ಆಗ ತಿದ್ದುತ್ತೇನೆ."

ಆರಾಧ್ಯರು ತಲೆಯಾಡಿಸಿದರು. ಆಮೇಲೆ ಸಹಜವಾಗಿ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ, ಕೇಳಿದರು:

"ನಿನ್ನ ತರಗತಿಯ ಕರಿಹಲಗೆ ಯಾವ ದಿಕ್ಕಿನ ಗೋಡೆಗಿದೆ ಓಬಳೇಶ?"

ಓಬಳೇಶನಿಗೆ ಗೊತ್ತಿರಲಿಲ್ಲ.